ಬಂತು, ಬರ್ತಿದೆ, ಬಂದಿಲ್ಲ

ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಚೀಲದ ಮೇಷ್ಟ್ರು. ಅಡ್ಡಹೆಸರು ಇಡುವುದರಲ್ಲಿ ಮಕ್ಕಳನ್ನು ಮೀರಿಸಿದವರಿಲ್ಲ. ನನಗೇನು ಇಟ್ಟಿದ್ದಾರೆಂಬುದೂ ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ನಾನು ಸಮಾಜ ಪಾಠದ ಟೀಚರು, ನಿವೃತ್ತಿಗೆ ಹತ್ತಿರವಾದವಳು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ದೊಡ್ಡಕ್ಕ. ದೊಡ್ಡಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಅನ್ನಲಿ ಬಿಡಿ. ಕೋಪವನ್ನು ಎಲ್ಲೋ ಒಂದು ಕಡೆ ಇಟ್ಟುಕೊಳ್ಳಬೇಕಲ್ಲ.

ಮೇಷ್ಟ್ರ ಚೀಲಗಳು ಎರಡು. ಎಡ ಹೆಗಲಿಗೊಂದು, ಬಲ ಹೆಗಲಿಗೊಂದು. ನಾಲ್ಕು ತರಗತಿಗಳ ನೋಟ್‌ಬುಕ್ಕುಗಳು ಸಂಜೆ ಅವರ ಜೊತೆ ಮನೆಗೆ ಹೋಗಿ ಬೆಳಿಗ್ಗೆ ಅವರ ಜೊತೆಯೇ ವಾಪಸು ಬರುತ್ತಿದ್ದವು. ವಾರವಾರ ಪ್ರತಿ ತರಗತಿಗೂ ಕಿರುಪರೀಕ್ಷೆ, ಪ್ರತಿ ಪೇಪರಿಗೂ ಅಂಕ, ಅರ್ಧ ಅಂಕ, ಕಾಲು ಅಂಕ, ಕೊನೆಗೆ ಸರಾಸರಿ, ಆಮೇಲೆ ಯಾರು ಮೊದಲು ಯಾರು ಕೊನೆ ಎಂಬ ಸಾಲು. ಇದು ಶಾಲೆಯ ಪದ್ಧತಿ, ನಾವೆಲ್ಲ ಹೇಗೋ ಸುಧಾರಿಸುತ್ತಿದ್ದೆವು. ಉತ್ತರದ ಉದ್ದವನ್ನು ಗೇಣಿನಲ್ಲಿ ಅಳೆದು ರೈಟು ಹಾಕುವವರೂ ನಮ್ಮಲ್ಲಿದ್ದಾರೆ, ಯಾರೆಂದು ಕೇಳಬೇಡಿ. ಈ ಮನುಷ್ಯನಿಗೆ ಮಾತ್ರ ಓದದೆ ರೈಟು ಹಾಕಲು ಕೈ ಬರುತ್ತಿರಲಿಲ್ಲ. ತಪ್ಪಾದ ಪ್ರತಿ ಲೆಕ್ಕದ ಕೆಳಗೂ ಯಾಕೆ ತಪ್ಪಾಯಿತೆಂದು ಕೆಂಪು ಪೆನ್ನಿನಲ್ಲಿ ಎರಡು ಸಾಲು ಬರೆಯುತ್ತಿದ್ದರು. ಮಕ್ಕಳು ಆ ಎರಡು ಸಾಲನ್ನು ಬಿಟ್ಟು ಅಂಕ ಮಾತ್ರ ನೋಡಿ, "ಸಾರ್, ಇಲ್ಲಿ ಅರ್ಧ ಅಂಕ ಕೊಡಿ ಸಾರ್" ಎಂದು ತರಕಾರಿ ಅಂಗಡಿಯಲ್ಲಿ ನಿಂತ ಹಾಗೆ ಚೌಕಾಸಿ ಮಾಡುತ್ತಿದ್ದವು.

ಪಾಠ ಮಾಡುವಾಗ ಅವರನ್ನು ನೋಡಬೇಕು. ನನ್ನ ತರಗತಿಗೂ ಅವರ ತರಗತಿಗೂ ನಡುವೆ ಒಂದೇ ಗೋಡೆ. ನಾನು ಈ ಕಡೆ ರಾಜರು ಸಾಯುವ ವರ್ಷಗಳನ್ನು ಬರೆಸುತ್ತಿದ್ದರೆ ಆ ಕಡೆಯಿಂದ ನಲವತ್ತು ಮಕ್ಕಳು ಒಟ್ಟಿಗೆ ನಗುವ ಸದ್ದು. ಲೆಕ್ಕದಲ್ಲಿ ನಗುವಂಥದ್ದು ಏನಿರುತ್ತದೆ, ದೇವರೇ ಬಲ್ಲ. ನನ್ನ ಮಕ್ಕಳೆಲ್ಲ ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಿದ್ದವು, ನನ್ನ ರಾಜರು ಅನಾಥರಾಗಿ ಸಾಯುತ್ತಿದ್ದರು. ಅಂಥ ಮನುಷ್ಯ ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ಮೇಜಿನ ಮೇಲಿನ ರಾಶಿ ನೋಡಿದ್ದೇ, ಮುಖ ಸುಟ್ಟ ಬದನೆಕಾಯಿ ಆಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ಅವರ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವಾಕೆ, ಮಾತಿನಲ್ಲಿ ಚುರುಕು. ಒಮ್ಮೆ ದಾರಿಯಲ್ಲಿ ಸಿಕ್ಕಾಗ ನನಗೆ ಹೇಳಿದಳು: "ದೊಡ್ಡಕ್ಕ, ನಾನು ಇವ್ರಿಗೆ ಎರಡನೇ ಹೆಂಡ್ತಿ. ಮೊದಲನೆಯವಳು ಆ ಚೀಲ. ನನ್ನ ತಂಗಿ ಮದುವೆ ಫೋಟೋ ನೋಡಿ ಬೇಕಾದ್ರೆ. ಎಲ್ರೂ ಕ್ಯಾಮೆರಾ ನೋಡ್ತಿದ್ರೆ ಇವ್ರು ತೊಡೆ ಮೇಲೆ ಪೇಪರ್ ಇಟ್ಕೊಂಡು ಅದನ್ನ ನೋಡ್ತಿದಾರೆ." ನಕ್ಕಳು, ಆದರೆ ಪೂರ್ತಿ ನಗಲಿಲ್ಲ.

ಒಂದು ಭಾನುವಾರ ಅವರ ನಾಲ್ಕು ವರ್ಷದ ಮಗ 'ಅಪ್ಪನ ಆಟ' ಆಡಿದ. ದಿಂಬಿನ ಚೀಲ ಹೆಗಲಿಗೆ ಹಾಕಿಕೊಂಡು, ಅಪ್ಪನ ಕೆಂಪು ಪೆನ್ನು ತೆಗೆದುಕೊಂಡು, ಹುಬ್ಬು ಗಂಟಿಕ್ಕಿ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ತನ್ನ ಕೈ ಎಟಕುವಷ್ಟು ಎತ್ತರದವರೆಗೂ ರೈಟು, ರೈಟು, ರೈಟು. ಯಾರಾದರೂ ಮಾತಾಡಿಸಿದರೆ "ಶ್! ಕೆಲ್ಸ ಇದೆ" ಅನ್ನುತ್ತಿದ್ದನಂತೆ. ಹೆಂಡತಿ ಮಗುವನ್ನು ಬೈಯಲಿಲ್ಲ. ಗಂಡನನ್ನು ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದಳು, ಅಷ್ಟೇ.

ಸೋಮವಾರ ಚಹಾದ ಹೊತ್ತಿಗೆ ಮೇಷ್ಟ್ರು ನನ್ನ ಪಕ್ಕ ಬಂದು ಕೂತರು. "ಅಕ್ಕಾ, ಹೆಂಡ್ತಿಗೆ ಮಾತು ಕೊಟ್ಟಿದೀನಿ. ಈ ತಿದ್ದೋ ಕೆಲಸಕ್ಕೆ ಒಂದು ದಾರಿ ಕಂಡುಕೊಳ್ತೀನಿ, ಇಲ್ಲಾಂದ್ರೆ ಅವಳಣ್ಣನ ಬಣ್ಣದಂಗಡಿ ಸೇರ್ಕೋತೀನಿ. ಅವರೂ ಕರೀತಾನೇ ಇದಾರೆ."

"ಬಣ್ಣದಂಗಡೀಲಿ ನೀನೇನಪ್ಪಾ ಮಾಡ್ತೀಯ? ಡಬ್ಬಾಗೆ ಅಂಕ ಕೊಡ್ತೀಯಾ?"

ಅವರು ನಗಲಿಲ್ಲ. ಆ ಗೋಡೆಯಾಚೆಯ ನಗು ನಿಂತರೆ ಈ ಶಾಲೆಯಲ್ಲಿ ಉಳಿಯುವುದು ಗಂಟೆಯ ಸದ್ದು ಮಾತ್ರ.

ಅವರು ಕಂಡುಕೊಂಡ ದಾರಿ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಬಾಯಲ್ಲೇ ಇದ್ದದ್ದು. "ಅಕ್ಕಾ, ಯಾರಾದ್ರೂ 'ನಿಂಗೆ ಸೈಕಲ್ ಬರುತ್ತಾ' ಅಂತ ಕೇಳಿದ್ರೆ 'ನೂರಕ್ಕೆ ಅರವತ್ತೆರಡು' ಅಂತೀವಾ? ಬರುತ್ತೆ ಅಂತೀವಿ, ಇಲ್ಲಾ ಬರಲ್ಲ ಅಂತೀವಿ. ಈಜು ಬರುತ್ತಾ, ಅಡುಗೆ ಬರುತ್ತಾ, ಹಾಡಕ್ಕೆ ಬರುತ್ತಾ? ಎಲ್ಲಾ ಹೀಗೇ ಕೇಳೋದು. ಭಾಗಾಕಾರಕ್ಕೆ ಮಾತ್ರ ಯಾಕೆ ಅರವತ್ತೆರಡೂವರೆ?"

ಹೀಗೆ ಮೂರು ಮಾತು ಹುಟ್ಟಿದವು: ಬಂತು, ಬರ್ತಿದೆ, ಬಂದಿಲ್ಲ. ಅರ್ಧವರ್ಷಕ್ಕೆ ಕಲಿಯಬೇಕಾದ ಎಂಟು ಸಂಗತಿಗಳು, ಪ್ರಗತಿ ಕಾರ್ಡಿನಲ್ಲಿ ಒಂದೊಂದಕ್ಕೂ ಒಂದೊಂದು ಮಾತು. ಮನೆಲೆಕ್ಕವನ್ನು ಮಕ್ಕಳೇ ಬೋರ್ಡು ನೋಡಿ ತಿದ್ದಿಕೊಳ್ಳಬೇಕು, ಇವರು ಬೆಂಚುಗಳ ನಡುವೆ ಓಡಾಡಿಕೊಂಡು ನೋಡುತ್ತಾರೆ. ವಾರಕ್ಕೆ ಒಂದು ತರಗತಿಯಿಂದ ಮಾತ್ರ, ಮಗುವಿಗೆ ಒಂದೇ ಹಾಳೆ, ಅದರಲ್ಲಿ ಮೂರೇ ಲೆಕ್ಕ. ಹೆಸರು ಹಾಳೆಯ ಹಿಂಬದಿಗೆ. ಮೊದಲು ಎಲ್ಲರ ಒಂದನೇ ಲೆಕ್ಕ ನೋಡುವುದು, ಹಾಳೆಗಳನ್ನು ಕಲೆಸುವುದು, ಆಮೇಲೆ ಎಲ್ಲರ ಎರಡನೇ ಲೆಕ್ಕ. ಹೀಗಾದರೆ ಮೊದಲ ಪೇಪರಿಗೆ ಉತ್ಸಾಹ, ಕೊನೆಯ ಪೇಪರಿಗೆ ಸಿಡುಕು ಅನ್ನುವುದಿಲ್ಲ. ಬಂದಿಲ್ಲದವರು ಊಟದ ಬಿಡುವಿನಲ್ಲಿ ಬಂದು ಕಲಿತು ಮತ್ತೆ ತೋರಿಸಬಹುದು. ತೋರಿಸಿದರೆ ಹಳೆಯ ಮಾತು ಅಳಿಸಿ ಹೊಸ ಮಾತು. ಸರಾಸರಿ ಇಲ್ಲ, ಸಾಲು ಇಲ್ಲ.

ನಾನು ಕೆಂಡವಾದೆ. "ಬರ್ತಿದೆ ಅಂದ್ರೇನು? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಅಂದವಾಗಿ ಬರೆಯೋರಿಗೆ, ಅಂಚಿಗೆ ನೀಟಾಗಿ ಗೆರೆ ಎಳೆಯೋರಿಗೆ ಏನೂ ಇಲ್ವಾ? ನಾನು ಗೆರೆಗೇ ಎರಡು ಅಂಕ ಕೊಡೋಳು."

"ಗೆರೆ ಎಳೆದವನಿಗೆ ಇತಿಹಾಸ ಬಂತಾ ಅಕ್ಕಾ?"

ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಭಾಷಾ ಮೇಷ್ಟ್ರು ಬೇರೆ, 'ಬರ್ತಿದೆ' ಅಲ್ಲ, 'ಬರುತ್ತಿದೆ' ಎಂದು ಬರೆಯಬೇಕೆಂದು ತಕರಾರು ತೆಗೆದರು. ಕಾರ್ಡಿನಲ್ಲಿ ಅಷ್ಟು ಜಾಗವಿಲ್ಲವೆಂದು ತಳ್ಳಿಹಾಕಿದ್ದಾಯಿತು. ಹೆಡ್ ಮೇಡಂ ಹಿಂದೆ ತಾವೂ ಗಣಿತ ಕಲಿಸಿದವರು, ಗಂಭೀರ ಹೆಂಗಸು. ಎಲ್ಲ ಕೇಳಿಸಿಕೊಂಡು ಹೇಳಿದರು: "ಈ ಅರ್ಧವರ್ಷ ಮಾಡಿ ನೋಡಿ. ಆದ್ರೆ ಪೋಷಕರಿಂದ ಒಂದೇ ಒಂದು ದೂರು ಬರಹದಲ್ಲಿ ಬಂತೋ, ಮರುದಿನಾನೇ ಹಳೇ ದಾರಿ."

ಚೀಲಗಳು ಮಾಯವಾದವು. ಮೇಷ್ಟ್ರು ಕೈಬೀಸಿಕೊಂಡು ಗೇಟು ದಾಟಿದ ಮೊದಲ ಸಂಜೆ ಕಾವಲುಗಾರ ಎದ್ದು ನಿಂತು, "ಅಯ್ಯೋ, ಮೇಷ್ಟ್ರೇ, ಕೆಲಸ ಬಿಟ್ಬಿಟ್ರಾ?" ಎಂದು ಕೇಳಿದನಂತೆ. ಮಕ್ಕಳ ಚೌಕಾಸಿಯೂ ನಿಂತಿತು. ಅಂಕವೇ ಇಲ್ಲದಿದ್ದರೆ ಅರ್ಧ ಅಂಕ ಎಲ್ಲಿಂದ ಕೇಳುತ್ತಾರೆ? ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡೇ ಬಂದು, "ಸಾರ್, ನಂಗೆ ದಶಮಾಂಶ ಬಂತು ಅನ್ಸುತ್ತೆ, ನೋಡಿ ಸಾರ್" ಅನ್ನುವವರು ಶುರುವಾದರು. ಇದೇನು ಕಾಲ ಬಂತಪ್ಪಾ ಎಂದು ನಾನು ಬಾಯಿಬಿಟ್ಟು ನೋಡಿದೆ.

ಆಮೇಲೆ ಕಾರ್ಡುಗಳು ಮನೆಗೆ ಹೋದವು.

ಮರುದಿನ ಬೆಳಿಗ್ಗೆ ಎರಡನೇ ಪೀರಿಯಡ್ಡು. ಶಾಲೆಯ ಗೇಟಿನ ಮುಂದೆ ಒಂದು ಬಸ್ಸು ಕಿರ್ರೆಂದು ನಿಂತಿತು. ಅದು ಆ ಬಸ್ಸು ಅಲ್ಲಿ ನಿಲ್ಲುವ ಹೊತ್ತಲ್ಲ. ಒಳಗೆ ತುಂಬ ಜನ. ಡ್ರೈವರು ಇಳಿದವನೇ ಖಾಕಿ ಅಂಗಿಯ ತೋಳು ಮಡಿಸಿಕೊಂಡು ನೇರ ಹೆಡ್ ಮೇಡಂ ಕೋಣೆಗೆ ನುಗ್ಗಿದ. ಕಂಡಕ್ಟರು ಹಿಂದಿನಿಂದ ಸೀಟಿ ಊದುತ್ತಲೇ ಇದ್ದ, ಪ್ರಯಾಣಿಕರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದರು. ಆ ಪೀರಿಯಡ್ಡು ನನಗೂ ಮೇಷ್ಟ್ರಿಗೂ ಬಿಡುವು, ಇಬ್ಬರೂ ಓಡಿದೆವು.

ಅವನು ಆರನೇ ತರಗತಿಯ ಒಬ್ಬ ಹುಡುಗಿಯ ಅಪ್ಪ. ಕಾರ್ಡನ್ನು ಮೇಡಂ ಮೇಜಿನ ಮೇಲೆ ಬಡಿದು ಹೇಳಿದ: "ಏನ್ರೀ ಮೇಡಂ ಇದು? ಕೂಡಿಸೋದು ಬಂತು, ಗುಣಾಕಾರ ಬಂತು, ಭಿನ್ನರಾಶಿ ಬಂದಿಲ್ಲ! ಭಿನ್ನರಾಶಿ ಪಾಠಕ್ಕೆ ಬಂದಿಲ್ಲ ಅಂದ್ರೆ ಎಲ್ಲಿಗೆ ಹೋಗಿದ್ಲು? ದಿನಾ ನಾನೇ ನನ್ನ ಬಸ್ಸಲ್ಲಿ ತಂದು ಈ ಗೇಟ್ ಮುಂದೇನೇ ಇಳಿಸ್ತೀನಿ! ಮುಂದಿನ ಗೇಟಲ್ಲಿ ಬಂದು ಹಿಂದಿನ ಗೇಟಲ್ಲಿ ಹೋಗ್ತಾಳಾ? ನೋಡೋರು ಯಾರೂ ಇಲ್ವಾ ಇಲ್ಲಿ?" ಉಸಿರು ತೆಗೆದುಕೊಂಡು ಮತ್ತೊಂದು ಸಾಲಿಗೆ ಬೆರಳಿಟ್ಟ. "ಇದು ಇನ್ನೂ ಚೆನ್ನಾಗಿದೆ. ದಶಮಾಂಶ, 'ಬರ್ತಿದೆ'! ಬರ್ತಿದಾಳೆ ಅಂತ ಬರೆಯಕ್ಕೆ ಏನಾಗಿತ್ತು? ನನ್ನ ಮಗಳೇನು ನಾಯಿಮರೀನಾ?"

ನನಗೆ ನಗು ತಡೆಯಲಾಗಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮೇಷ್ಟ್ರು ಬೆಳ್ಳಗಾಗಿ ನಿಂತಿದ್ದರು. ಮೇಡಂ ಮಾತ್ರ ಅಭ್ಯಾಸದಂತೆ, "ದೂರಿದ್ರೆ ಬರಹದಲ್ಲಿ ಕೊಡಿ" ಎಂದರು. ಅವನು ಅಲ್ಲೇ ಒಂದು ಹಾಳೆ ಕಿತ್ತುಕೊಂಡು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿಯೇ ಬಿಟ್ಟ. ನನ್ನ ನಗು ಅಲ್ಲಿಗೇ ನಿಂತಿತು.

ಹುಡುಗಿಯನ್ನು ಕರೆಸಿದರು. ರಾತ್ರಿಯೆಲ್ಲ ಬೈಸಿಕೊಂಡು ಕಣ್ಣು ಊದಿತ್ತು. "ಅಪ್ಪಾ, ನಿನ್ನೆಯಿಂದ ಅದನ್ನೇ ಹೇಳ್ತಿದೀನಿ, ನೀನು ಕೇಳಿಸ್ಕೋತಾನೇ ಇಲ್ಲ! ಬಂದಿಲ್ಲ ಅಂದಿದ್ದು ನನ್ನನ್ನಲ್ಲ, ಭಿನ್ನರಾಶೀನ. ನಾನು ದಿನಾ ಬಂದಿದೀನಿ. ಅದೇ ಬರ್ತಿಲ್ಲ."

ಡ್ರೈವರು ಕಾರ್ಡು ನೋಡಿದ, ಮಗಳನ್ನು ನೋಡಿದ, ಮತ್ತೆ ಕಾರ್ಡು ನೋಡಿದ. ಕಿವಿ ಕೆಂಪಾಯಿತು. "ತಪ್ಪಾಯ್ತು ತಾಯಿ" ಎಂದು ಮಗಳ ತಲೆ ಸವರಿದ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ನನ್ನ ಕತೆ. ಕೊಡಿ ಮೇಡಂ ಆ ಕಾಗದ, ಹರಿದು ಹಾಕ್ತೀನಿ."

ಮೇಡಂ ಕಾಗದದ ಮೇಲೆ ಪೇಪರ್‌ವೇಟ್ ಇಟ್ಟರು. "ಇಷ್ಟು ಸುಲಭ ಅಲ್ಲ. ಅಪ್ಪನಿಗೇ ಅರ್ಥ ಆಗ್ದೇ ಇರೋ ಕಾರ್ಡು ಯಾಕೆ ಬೇಕು? ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. 'ಬಂದಿಲ್ಲ' ಅನ್ನೋದು 'ಬಂತು' ಆಗದೇ ಹೋದ್ರೆ ಅದಕ್ಕೂ ಫೇಲ್ ಅನ್ನೋದಕ್ಕೂ ಏನು ವ್ಯತ್ಯಾಸ, ಮೇಷ್ಟ್ರೇ?" ಆರನೇ ತರಗತಿಯಲ್ಲಿ ಭಿನ್ನರಾಶಿ ಬಂದಿಲ್ಲದವರು ನಾಲ್ವರು. ಅರ್ಧವರ್ಷದ ಕೊನೆಯ ದಿನ ಪ್ರಶ್ನೆಪತ್ರಿಕೆ ತಾವೇ ಬರೆದು ತಾವೇ ತಿದ್ದುವುದಾಗಿ ಮೇಡಂ ಹೇಳಿದರು. ನಾಲ್ವರಿಗೂ ಬಂದಿದ್ದರೆ ಮೂರು ಮಾತು ಉಳಿಯುತ್ತವೆ. ಇಲ್ಲದಿದ್ದರೆ ಚೀಲ.

ಹೊರಗೆ ಬಂದಮೇಲೆ ಮೇಷ್ಟ್ರು ಮೆಲ್ಲಗೆ ಹೇಳಿದರು: "ಚೀಲ ಆದ್ರೆ ನಾನಿರಲ್ಲ ಅಕ್ಕಾ." ನನಗೆ ಗೊತ್ತಿತ್ತು.

ನಾಲ್ವರಲ್ಲಿ ಮೂವರಿಗೆ ಬೇಗನೆ ದಾರಿ ಸಿಕ್ಕಿತು. ಡ್ರೈವರನ ಮಗಳಿಗೆ ಮಾತ್ರ ಭಿನ್ನರಾಶಿ ಬಾಗಿಲಲ್ಲೇ ನಿಂತಿತ್ತು. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದನೇ ಎರಡು ಎಂದು ಬರೆಯುತ್ತಿದ್ದಳು. ಎಷ್ಟು ಹೇಳಿದರೂ ಅದೇ ಐದನೇ ಎರಡು. ಮರುಪರೀಕ್ಷೆಯ ದಿನ ಮೂರು ಲೆಕ್ಕದಲ್ಲಿ ಒಂದು ಸರಿ ಮಾಡಿದಳು. ಮೇಷ್ಟ್ರು 'ಬರ್ತಿದೆ' ಎಂದು ಬರೆದರು. ನಾನು ಪಕ್ಕದಲ್ಲೇ ಇದ್ದೆ, ಮೈ ಉರಿದುಹೋಯಿತು.

"ಬಂತು ಅಂತ ಬರೆದುಬಿಡೋ ಮಾರಾಯಾ! ಆ ಮಗೂಗೂ ಧೈರ್ಯ ಬರುತ್ತೆ, ನಿನ್ನ ಕೆಲಸಾನೂ ಉಳಿಯುತ್ತೆ. ಮೇಡಂ ಮುಂದೆ ಕಾರ್ಡಿಟ್ಟು, ಬಂದಾಯ್ತು ಅನ್ನು!"

"ಬರದೇ ಇರೋದನ್ನ ಬಂತು ಅಂತ ಬರೆದ್ರೆ, ಮುಂದೆ ನಾನು ಬಂತು ಅಂತ ಬರೆದಿದ್ದನ್ನ ಯಾರು ನಂಬ್ತಾರೆ ಅಕ್ಕಾ? ಮೊದಲು ಅವಳೇ ನಂಬಲ್ಲ."

ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಎದ್ದು ಹೋಗಿ ಚಹಾ ತಂದು ಅವರ ಮುಂದೆ ಕುಕ್ಕಿದೆ.

ಅದೇ ಬಿಡುವಿನಲ್ಲಿ ಮೇಷ್ಟ್ರು ಹುಡುಗಿಯನ್ನು ಕರೆದು ಕೇಳಿದರು: "ನಿಮ್ಮಪ್ಪನ ಬಸ್ಸಲ್ಲಿ ಎಷ್ಟು ಸೀಟು?"

"ಮೂವತ್ತು ಸಾರ್."

"ಅರ್ಧ ಬಸ್ಸು ತುಂಬಿದೆ. ಎಷ್ಟು ಜನ?"

"ಹದಿನೈದು."

"ಮುಂದಿನ ಸ್ಟಾಪಲ್ಲಿ ಇನ್ನೂ ಮೂರನೇ ಒಂದು ಬಸ್ಸು ಜನ ಹತ್ತಿದ್ರು."

"ಹತ್ತು ಜನ ಸಾರ್."

"ಹ್ಞಾಂ. ಈಗ ನಿನ್ನ ಉತ್ತರ ಐದನೇ ಎರಡು ಬಸ್ಸು. ಅಂದ್ರೆ ಹನ್ನೆರಡು ಜನ. ಹದಿನೈದು ಜನ ಕೂತಿದ್ರು, ಮೇಲೆ ಹತ್ತು ಜನ ಹತ್ತಿದ್ರು, ಈಗ ನೋಡಿದ್ರೆ ಹನ್ನೆರಡೇ ಜನ! ಉಳಿದೋರು ಎಲ್ಲಮ್ಮಾ? ಕಿಟಕಿಯಿಂದ ಹಾರಿಬಿಟ್ರಾ?"

ಹುಡುಗಿ ಬೆಂಚು ಹಿಡಿದುಕೊಂಡು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. "ಹದಿಮೂರು ಜನ ಹಾರಿದಾರೆ ಸಾರ್! ಟಿಕೆಟ್ ತಗೊಂಡು ಹಾರಿದಾರೆ!" ಎಂದಳು. ನಾನೂ ನಕ್ಕೆ. ಇಷ್ಟು ವರ್ಷ ಗೋಡೆಯಾಚೆ ಏನು ನಡೆಯುತ್ತಿತ್ತೆಂದು ಆವತ್ತು ತಿಳಿಯಿತು.

ಅಲ್ಲಿಂದ ಬಸ್ಸಿನಲ್ಲೂ ಪಾಠ ಶುರು. ಡ್ರೈವರು ಗೇರು ಬದಲಾಯಿಸುತ್ತ, "ಐದನೇ ಒಂದು ಬಸ್ಸಿಗೆ ಅರ್ಧ ಬಸ್ಸು ಸೇರಿದ್ರೆ ಎಷ್ಟು ತಾಯಿ?" ಎಂದು ಕೂಗುವುದು, ಇವಳು ಇಂಜಿನ್ನಿನ ಪಕ್ಕದ ಸೀಟಿನಿಂದ ಉತ್ತರ ಹೇಳುವುದು, ಪ್ರಯಾಣಿಕರು ನಡುವೆ ಬಾಯಿ ಹಾಕುವುದು. ಕಂಡಕ್ಟರು ಮತ್ತು ಒಬ್ಬ ಬ್ಯಾಂಕಿನ ಮನುಷ್ಯನ ನಡುವೆ ಆರನೇ ಒಂದರ ವಿಚಾರವಾಗಿ ಜಗಳವೇ ಆಯಿತಂತೆ. "ಸಾರ್, ಬಸ್ಸಲ್ಲಿರೋ ಅರ್ಧ ಜನಕ್ಕೆ ಭಿನ್ನರಾಶಿ ಬಂದೇ ಇಲ್ಲ" ಎಂದು ಹುಡುಗಿ ಬಂದು ವರದಿ ಕೊಟ್ಟಳು. "ಮೂರು ಜನಕ್ಕೆ ಬರ್ತಿದೆ."

ಕೊನೆಯ ದಿನ ಬಂತು. ನಾಲ್ಕು ಮಕ್ಕಳು ಮೇಡಂ ಕೋಣೆಯಲ್ಲೇ ಕೂತು ಬರೆದರು, ಹಾಳೆಯ ಮೇಲೆ ಹೆಸರಿಲ್ಲ. ಬರೆದು ಹೊರಗೆ ಹೋಗಿ ಕಂಬಗಳಿಗೆ ಅಂಟಿಕೊಂಡು ನಿಂತರು. ಮೇಡಂ ಕನ್ನಡಕ ಏರಿಸಿ ಕೆಂಪು ಪೆನ್ನು ತೆಗೆದರು. ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ನೋಡುತ್ತಿದ್ದರು, ನಾನು ಮೇಡಂ ಹೆಗಲ ಮೇಲಿಂದ ನಾಚಿಕೆಯಿಲ್ಲದೆ ಬಗ್ಗಿ ನೋಡುತ್ತಿದ್ದೆ. ಒಂದು ಹಾಳೆ, ಎಲ್ಲ ಸರಿ. ಎರಡು, ಎಲ್ಲ ಸರಿ. ಮೂರು, ಎಲ್ಲ ಸರಿ. ನಾಲ್ಕನೆಯದಕ್ಕೆ ಹೆಸರು ಬೇಕಿರಲಿಲ್ಲ. ಅಂಚಿನಲ್ಲಿ ಒಂದು ಪುಟ್ಟ ಬಸ್ಸಿನ ಚಿತ್ರ.

ಐದನೇ ಒಂದಕ್ಕೆ ಮೂರನೇ ಎರಡು ಕೂಡಿಸಬೇಕಿತ್ತು. ಅವಳ ಉತ್ತರ, ಮೂವತ್ತನೇ ಇಪ್ಪತ್ತಾರು. ಮೇಡಂ ಪೆನ್ನು ಅಲ್ಲೇ ನಿಂತಿತು. "ಹದಿನೈದನೇ ಹದಿಮೂರು ಬರಬೇಕಿತ್ತು. ಸರಳ ರೂಪಕ್ಕೆ ತಂದಿಲ್ಲ. ಅರ್ಧ ಅಂಕ..."

"ಮೇಡಂ!" ನಾನು ಕಿರುಚಿದೆ. ಕೋಣೆಯೇ ಬೆಚ್ಚಿತು. "ಅರ್ಧ ಅಂಕ ಯಾರು ಕೇಳಿದ್ರು? ಮೂವತ್ತು ಸೀಟಲ್ಲಿ ಇಪ್ಪತ್ತಾರು ತುಂಬಿದೆ ಅಂತ ಬರೆದಿದಾಳೆ. ತಪ್ಪಾ ಅದು? ಬಂತಾ, ಬಂದಿಲ್ವಾ? ಅಷ್ಟು ಹೇಳಿ ಸಾಕು!"

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಅಂಚಿನ ಗೆರೆಗೆ ಎರಡು ಅಂಕ ಕೊಡುವ ಹೆಂಗಸು ಇವಳೇನಾ ಎಂದುಕೊಂಡರೋ ಏನೋ. ಆಮೇಲೆ ಹಾಳೆ ನೋಡಿದರು, ಬಸ್ಸು ನೋಡಿದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. "ಬಂತು ಕಣ್ರೀ ದೊಡ್ಡಕ್ಕ, ಬಂತು. ಸರಳ ರೂಪ ಬರ್ತಿದೆ ಅಂತ ಬರೀತೀನಿ, ಆಗ್ಬಹುದಾ?"

ಡ್ರೈವರನ ಕಾಗದವನ್ನು ಅವರೇ ಹರಿದರು.

ಹುಡುಗಿಗೆ ಹೇಳಿದ್ದೇ ತಡ, ಚೀಲಗೀಲ ಬಿಟ್ಟು ಗೇಟಿನತ್ತ ಓಡಿದಳು. ಸ್ಟಾಪಿನಲ್ಲಿ ಸಂಜೆಯ ಜನ ಬಸ್ಸಿಗೆ ಕಾದು ಕೂತಿದ್ದರು. ತಿರುವಿನಲ್ಲಿ ಅಪ್ಪನ ಬಸ್ಸು ಇನ್ನೂ ಮೂತಿ ತೋರಿಸಿರಲಿಲ್ಲ, ಇವಳು ರಸ್ತೆಯಂಚಿಗೆ ನಿಂತು ಗಂಟಲು ಹರಿಯುವಂತೆ "ಅಪ್ಪಾ, ಬಂತೂ!" ಎಂದು ಕೂಗಿದಳು. ಜನವೆಲ್ಲ ದಡಬಡ ಎದ್ದು, ಗಂಟುಮೂಟೆ ಎತ್ತಿಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು ರಸ್ತೆಗೆ ಬಂದರು. ಬಸ್ಸಿಲ್ಲ. "ಎಲ್ಲಮ್ಮಾ ಬಂತು? ಏನು ಬಂತು?" ಎಂದು ಒಬ್ಬ ಅಜ್ಜಿ ಗದರಿದಳು.

"ಭಿನ್ನರಾಶಿ ಅಜ್ಜೀ!"

"ಅದು ಎಲ್ಲಿಗೆ ಹೋಗೋ ಬಸ್ಸೇ?"

ನಾನು ಗೇಟಿನ ಕಂಬ ಹಿಡಿದುಕೊಂಡು ನಕ್ಕೆ, ಅತ್ತೆ, ಎರಡನ್ನೂ ಒಟ್ಟಿಗೆ ಮಾಡಿದೆ. ಪಕ್ಕದಲ್ಲಿ ಮೇಷ್ಟ್ರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಮೊಬೈಲು ತೆಗೆದು ಹೆಂಡತಿಗೆ ಫೋನು ಮಾಡಿದರು. "ನಿಮ್ಮಣ್ಣನಿಗೆ ಹೇಳು, ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ. ನಾನು ಇಲ್ಲೇ ಇರ್ತೀನಿ."

ಆಕೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು: "ಅಬ್ಬಾ, ಸದ್ಯ! ಸರಿ ರೀ, ಇವತ್ತಾದ್ರೂ ಬೆಳಕಿರುವಾಗ ಮನೆಗೆ ಬರ್ತೀರಾ?"

"ಬಂದೆ" ಎಂದರು ಮೇಷ್ಟ್ರು. ಬರಿಗೈಯಲ್ಲಿ, ಆಗಲೇ ಹೊರಟುಬಿಟ್ಟರು.